ಮುನ್ನೂರ ಹನ್ನೆರಡು ಹೂಂ

ಮೊದಲ ದಿನ ಪರದೆಯ ಮೇಲೆ ಮೂಡಿದ ದ್ಯಾಮವ್ವನಿಗೆ ಕಣ್ಣುಗಳಿರಲಿಲ್ಲ.

ಉಳಿದದ್ದೆಲ್ಲ ಇತ್ತು. ಅರಿಶಿನದ ಬಣ್ಣದ ಗಲ್ಲ, ಮೂಗಿನಲ್ಲಿ ನತ್ತಿನ ತೂತು, ಈಗಷ್ಟೇ ಎಲೆ ಹಾಕಿಕೊಂಡಂಥ ತುಟಿ, ಹಣೆಯ ಮೇಲೆ ಕಿರೀಟದ ಅಂಚಿನ ಮುತ್ತುಗಳು ಒಂದೊಂದಾಗಿ. ಹುಬ್ಬಿನ ಕೆಳಗೆ ಮಾತ್ರ ಏನೂ ಇಲ್ಲ; ಸುಣ್ಣ ಬಳಿದು ಬಿಟ್ಟ ಗೋಡೆಯ ಹಾಗೆ ಬರೀ ಬಿಳಿ. ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ. ತಲೆಗೆ ನಾನೇ ತೊಡಿಸಿದ ಟೊಪ್ಪಿಗೆ. ಬಲಗೈ ತೊಡೆಯ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು, ಬೇರೆ ಯಾರದೋ ಕೈಯನ್ನು ತಂದು ಅಲ್ಲಿ ಇಟ್ಟಂತೆ.

ನಮ್ಮ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಗಲಗಲಿ ಪರದೆಯ ಹತ್ತಿರ ಬಗ್ಗಿ ನೋಡಿ, ಟೊಪ್ಪಿಗೆ ಸರಿಯಾಗಿ ಕೂತಿಲ್ಲ, ಇನ್ನೊಮ್ಮೆ ಓದೋಣ ಎಂದರು. ಇನ್ನೂ ಮೂರು ಸಲ ಓದಿದೆವು. ಮೂರು ಸಲವೂ ಅದೇ ಕಣ್ಣಿಲ್ಲದ ಮುಖ.

ಮನಸ್ಸಿನಲ್ಲಿ ಮೂಡಿದ್ದನ್ನು ಓದುವ ಈ ಯಂತ್ರ, ಮನಗನ್ನಡಿ, ಬಂದು ಆಗ ಆರು ವರ್ಷವಾಗಿತ್ತು. ಅದರ ಗುಟ್ಟು ದೊಡ್ಡದೇನಲ್ಲ. ನೋಡುವುದಕ್ಕೂ ನೆನೆಯುವುದಕ್ಕೂ ಮೆದುಳಿನಲ್ಲಿರುವುದು ಒಂದೇ ಪಡಸಾಲೆ, ಹಿಂದಲೆಯ ಭಾಗದಲ್ಲಿ. ನೋಡಿದ್ದು ಕಣ್ಣಿನ ಬಾಗಿಲಿನಿಂದ ಒಳಗೆ ಬರುತ್ತದೆ, ನೆನೆದದ್ದು ಒಳಮನೆಯಿಂದ ಎದ್ದು ಬರುತ್ತದೆ. ಎರಡೂ ಬಂದು ಕೂರುವುದು ಅದೇ ಪಡಸಾಲೆಯಲ್ಲಿ. ಟೊಪ್ಪಿಗೆ ಅಲ್ಲಿಗೆ ಹಣಿಕಿ ಹಾಕುತ್ತದೆ. ಅದಕ್ಕೆ ಸಿಗುವುದು ಮಬ್ಬು ಚಿತ್ರ. ಮಬ್ಬಿನ ಜಾಗದಲ್ಲಿ ಏನಿರಬಹುದು ಎಂದು ತನ್ನ ಬಳಿಯಿರುವ ಲಕ್ಷಗಟ್ಟಲೆ ಚಿತ್ರಗಳಿಂದ ಊಹಿಸಿ ತುಂಬಿ, ಪರದೆಯ ಮೇಲೆ ತೋರಿಸಿ, ‘ಇದೇನಾ?’ ಎಂದು ಕೇಳುತ್ತದೆ. ಹೌದೆಂದರೆ ಅದೇ ದಾರಿ ಹಿಡಿದು ಮುಂದೆ ಹೋಗುತ್ತದೆ, ಅಲ್ಲವೆಂದರೆ ಹಿಂದೆ ಬಂದು ಬೇರೆ ದಾರಿ ಹುಡುಕುತ್ತದೆ. ಚಿತ್ರ ತಿಳಿಯಾದ ಮೇಲೆ ಯಂತ್ರದ ತೋಳು ಕುಂಚ ಹಿಡಿದು ಬರೆಯುತ್ತದೆ.

‘ಕೈ ಬೇಡ, ಕಲ್ಪನೆ ಸಾಕು’ ಎಂದು ಬಸ್ಸುಗಳ ಬೆನ್ನಿನ ಮೇಲೆಲ್ಲ ಬರೆಸಿದ್ದರು. ಚಿತ್ರಕಲಾ ಸ್ಪರ್ಧೆಗೆ ಬಂದ ಮಕ್ಕಳು ಸಾಲಾಗಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಮದುವೆ ಗೊತ್ತಾದ ಹುಡುಗಿಯರು ಟೊಪ್ಪಿಗೆ ಹಾಕಿಕೊಂಡು ತಮ್ಮ ಸೀರೆಯನ್ನು ತಾವೇ ನೆನೆಯುತ್ತಿದ್ದರು. ಮೂವತ್ತು ವರ್ಷ ಸೆರಗಿಗೆ ಹೊಸ ಹೊಸ ಹೂವು ನೆಯ್ದ ಒಬ್ಬ ನೇಕಾರ ಹೆಂಗಸು ಒಮ್ಮೆ ನಮ್ಮಲ್ಲಿಗೆ ಬಂದಿದ್ದಳು. ಅವಳು ಎಷ್ಟು ನೆನೆದರೂ ಪರದೆ ಕಪ್ಪಾಗಿಯೇ ಉಳಿಯಿತು. ಅವಳಿಗೆ ಒಳಗೆ ಏನೂ ಕಾಣುತ್ತಲೇ ಇರಲಿಲ್ಲ, ಎಲ್ಲ ಬೆರಳಿಗೇ ಗೊತ್ತಿತ್ತು. ಅವಳ ಸಂಘದವರು ಅವಳನ್ನು ಮಗ್ಗದಿಂದ ಎಬ್ಬಿಸಿ ನೂಲು ಸುತ್ತಲು ಕೂರಿಸಿದರಂತೆ. ಅವಳಿಗೆ ಒಳಗೆ ಏನೂ ಕಾಣದು ಎಂಬ ವರದಿಗೆ ಸಹಿ ಹಾಕಿದವಳು ನಾನು. ಆ ದಿನ ಊಟ ಸೇರಲಿಲ್ಲ, ಮರುದಿನ ಸೇರಿತು.

ಅಪ್ಪನ ವಿಷಯ ಬೇರೆ ಎಂದುಕೊಂಡಿದ್ದೆ. ಅಪ್ಪನಿಗೆ ಒಳಗೆ ಕಾಣುತ್ತಿತ್ತು, ಹೋಗಿದ್ದು ಕೈ.

*

ಕೊಪ್ಪಳದ ಕಡೆಯ ನಮ್ಮೂರಿನಲ್ಲಿ ಚಿತ್ರಗಾರರ ಓಣಿ ಎಂದರೆ ಹದಿನಾಲ್ಕು ಮನೆ. ಕಟ್ಟಿಗೆಯ ದೇವರನ್ನು ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಬಣ್ಣ ಹಚ್ಚುವುದು ಕಸುಬು. ಹಳ್ಳದಾಚೆಯ ಊರಿನ ದ್ಯಾಮವ್ವನ ಮುಖಕ್ಕೆ ಹನ್ನೆರಡು ವರ್ಷಕ್ಕೊಮ್ಮೆ ಹೊಸ ಬಣ್ಣ ಆಗಬೇಕು. ಹಳೆಯ ಬಣ್ಣವನ್ನೆಲ್ಲ ಹೆರೆದು ತೆಗೆದು, ಬರಿಮುಖ ಮಾಡಿ, ಮೊದಲಿನಿಂದ ಬರೆಯಬೇಕು. ಅದು ನಮ್ಮ ಮನೆಯ ಪಾಲು. ಅಪ್ಪ, ಹುಲಿಗೆಪ್ಪ ಚಿತ್ರಗಾರ, ಎರಡು ಸಲ ಬರೆದಿದ್ದ. ಈ ಸಲ ಹಳೆಯ ಬಣ್ಣ ಹೆರೆದಾಗಿತ್ತು, ಮುಹೂರ್ತಕ್ಕೆ ಎರಡು ತಿಂಗಳಿತ್ತು. ಅಪ್ಪನ ಕೈಗೆ ಚಹಾದ ಬಟ್ಟಲೂ ನಿಲ್ಲುತ್ತಿರಲಿಲ್ಲ.

ಗಲ್ಲಕ್ಕೆ, ತುಟಿಗೆ, ಕಿರೀಟಕ್ಕೆ ಓಣಿಯ ಯಾರಾದರೂ ಬಣ್ಣ ಹಚ್ಚಬಹುದು. ಕಣ್ಣು ಮಾತ್ರ ಹಾಗಲ್ಲ. ಅದನ್ನು ಬರೆಯುವುದು ಎನ್ನುವುದಿಲ್ಲ ನಮ್ಮಲ್ಲಿ. ‘ಕಣ್ಣು ತೆಗೆಯುವುದು’ ಎನ್ನುತ್ತಾರೆ, ನಿದ್ದೆಯಿಂದ ಎದ್ದವರು ಕಣ್ಣು ತೆಗೆದಂತೆ. ತೆಗೆದ ಕಣ್ಣಿನ ಮೊದಲ ನೋಟ ಬರೆದವನ ಮೇಲೆ ಬೀಳಬಾರದು. ಅದಕ್ಕೇ ಚಿತ್ರಗಾರ ದೇವಿಗೆ ಬೆನ್ನು ಮಾಡಿ ನಿಂತು, ಎದುರಿನ ಕನ್ನಡಿಯಲ್ಲಿ ನೋಡಿಕೊಳ್ಳುತ್ತ, ಹೆಗಲ ಮೇಲಿಂದ ಕೈ ಹಿಂದಕ್ಕೆ ಚಾಚಿ ಕಣ್ಣು ತೆಗೆಯಬೇಕು. ಆಮೇಲೆ ಅವನಾಗಲಿ ಅವನ ಮನೆಯವರಾಗಲಿ ಗುಡಿಗೆ ಹೋದರೆ ಪಾದ ನೋಡಿಯೇ ಬರಬೇಕು. ಫೋಟೋ ತೆಗೆಯುವುದಂತೂ ಆ ಊರಿಗೇ ನಿಷಿದ್ಧ. ಹನ್ನೆರಡು ವರ್ಷದ ಹಿಂದೆ ಕನ್ನಡಿ ಹಿಡಿದವಳು ನಾನು. ಹದಿನಾಲ್ಕರ ಹುಡುಗಿ, ಕಣ್ಣಿಗೆ ಅಜ್ಜಿಯ ಸೀರೆಯ ತುಂಡು ಕಟ್ಟಿದ್ದರು. ಅಪ್ಪನ ಉಸಿರು ಮಾತ್ರ ಕೇಳಿಸುತ್ತಿತ್ತು. ಹೊರಗೆ ಬಂದ ಮೇಲೆ, ಹೇಗಿದ್ದಾಳೆ ಎಂದು ಕೇಳಿದೆ.

“ಒಂದು ಕಣ್ಣು ಬೈತೈತಿ, ಒಂದು ಕಣ್ಣು ಕರಿತೈತಿ,” ಎಂದಿದ್ದ ಅಪ್ಪ.

ನಾನು ಬೆಳೆದದ್ದು ಅಜ್ಜಿಯ ಮಡಿಲಿನಲ್ಲಿ, ಅವಳ ಕಥೆಗಳಲ್ಲಿ. ಅಪ್ಪ ಬೆಳೆದದ್ದೂ ಅಲ್ಲೇ. ಅಜ್ಜಿಗೆ ಎಪ್ಪತ್ತೆಂಟು, ಕಣ್ಣು ಹೋಗಿ ಹತ್ತು ವರ್ಷವಾದರೂ ಬಣ್ಣ ಅರೆಯುವ ಕೆಲಸ ಬಿಟ್ಟಿರಲಿಲ್ಲ. ಮಧ್ಯಾಹ್ನ ಅವಳು ಕಲ್ಲಿನ ಮೇಲೆ ಬಣ್ಣ ಅರೆಯುತ್ತ ಕಥೆ ಹೇಳುವುದು, ಅಪ್ಪ ಕೆಲಸ ಮಾಡುತ್ತ ಹೂಂಗುಟ್ಟುವುದು, ಇದು ಅವರಿಬ್ಬರ ನಲವತ್ತು ವರ್ಷದ ರೂಢಿ. ಹೂಂ ಇಲ್ಲದೆ ಅಜ್ಜಿಯ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ಏಳು ಗುಡ್ಡದ ಆಚೆಯ ರಾಜನ ಮಗಳ ಕಥೆಯನ್ನು ಅವಳು ನೂರು ಸಲ ಹೇಳಿರಬೇಕು. ಆ ಹುಡುಗಿಯ ಮುಖ ಹೇಗಿತ್ತು ಎಂದು ಒಮ್ಮೆಯೂ ಹೇಳಲಿಲ್ಲ. ಕೇಳಿದರೆ, ನೀನು ಹೂಂ ಅಂದಾಗ ಒಳಗೆ ಯಾರು ಕಂಡಳೋ ಅವಳೇ, ಎನ್ನುತ್ತಿದ್ದಳು. ನನಗೆ ಕಂಡವಳು ಎಣ್ಣೆಗಪ್ಪು, ಉದ್ದ ಕತ್ತಿನವಳು. ಅಪ್ಪನಿಗೆ ಕಂಡವಳು ಯಾರೆಂದು ನಾನು ಕೇಳಿರಲಿಲ್ಲ.

ಕಣ್ಣಿಲ್ಲದ ಮುಖ ಮೂಡಿದ ದಿನ ಅಪ್ಪನ ಜೊತೆ ಬಸ್ಸಿನಲ್ಲಿ ಊರಿಗೆ ಬಂದೆ. ಅಪ್ಪ ಗಾಬರಿಯಾಗಿರಲಿಲ್ಲ.

“ಕೈ ಹೋದ್ರ ಹೋತು ಪಂಪಿ,” ಎಂದ. “ಆಕಿ ಇನ್ನೂ ಒಳಗ ಅದಾಳ. ನಿಮ್ಮ ಮಿಷನ್ನಿಗೆ ತೋರಸಾಕ ಒಲ್ಲೆ ಅಂತಾಳ, ಅಷ್ಟ.”

ಗದಗ ದಾಟುವ ಹೊತ್ತಿಗೆ ನನಗೆ ಹೊಳೆಯಿತು. ಅಪ್ಪ ಆ ಕಣ್ಣುಗಳನ್ನು ಎದುರಿನಿಂದ ಎಂದೂ ನೋಡಿಯೇ ಇಲ್ಲ. ಅವನ ಪಡಸಾಲೆಯಲ್ಲಿ ಎದುರು ನಿಂತ ದ್ಯಾಮವ್ವನಿಗೆ ಕಣ್ಣಿಲ್ಲ. ಕಣ್ಣಿರುವುದು ಕನ್ನಡಿಯೊಳಗಿನವಳಿಗೆ.

*

ಮರುವಾರ ಅಪ್ಪನ ಮುಂದೆ ಮೇಜಿನ ಮೇಲೆ ನಮ್ಮ ಮನೆಯದೇ ಕನ್ನಡಿ ಇಟ್ಟೆ, ಅಂಚಿನ ಪಾದರಸ ಕಿತ್ತುಹೋದ ಹಳೆಯದು. ನಿಂತು ನೆನೆ ಎಂದೆ, ಬೆನ್ನ ಹಿಂದೆ ಅವಳಿದ್ದಾಳೆ ಎಂದುಕೊಂಡು. ಅಪ್ಪ ಕಣ್ಣು ಮುಚ್ಚಿದ. ನಡುಗುವ ಕೈ ತಾನಾಗಿ ಹೆಗಲ ತನಕ ಎದ್ದಿತು.

ಪರದೆಯ ಮೇಲೆ ಮೊದಲು ಕನ್ನಡಿಯ ಚೌಕಟ್ಟು, ಆಮೇಲೆ ಅಪ್ಪನದೇ ಮುಖದ ಅರ್ಧ, ನನಗೆ ನೆನಪಿದ್ದುದಕ್ಕಿಂತ ಚಿಕ್ಕ ವಯಸ್ಸಿನದು. ಅವನ ಹೆಗಲಿನಾಚೆ, ಮಂಜಿನಲ್ಲಿ ಎಂಬಂತೆ, ಎರಡು ಕಣ್ಣು. ಒಂದು ತುಸು ಮೇಲೆ, ಒಂದು ತುಸು ಕೆಳಗೆ. ಬಹಳ ಮಬ್ಬು. ಆದರೆ ನಮ್ಮ ಮನೆಯವರು ನೋಡಬಾರದ ಕಣ್ಣುಗಳವು. ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ.

ಡಾಕ್ಟರ್ ಗಲಗಲಿಯವರಿಗೆ ಖುಷಿಯಾಯಿತು. ಅವರು ಕೆಟ್ಟವರಲ್ಲ. ಅಪ್ಪನಿಗೆ ತಾವೇ ಚಹಾ ತಂದುಕೊಟ್ಟರು, ಚೆಲ್ಲಬಾರದೆಂದು ಅರ್ಧ ಬಟ್ಟಲು ಮಾತ್ರ ತುಂಬಿಸಿ. ಚೌಕಟ್ಟು ಕತ್ತರಿಸಿದರು. ಅಪ್ಪನ ಮುಖ ಅಳಿಸಿದರು. ಎಡ ಬಲ ಮಗುಚಿದರು. ಇನ್ನು ತಿಳಿಯಾಗಿಸುವುದಷ್ಟೇ ಉಳಿದಿತ್ತು. ಅದಕ್ಕೆ ಅಪ್ಪ ಕಣ್ಣು ತೆರೆದು ಪರದೆ ನೋಡುತ್ತ ಉತ್ತರ ಕೊಡಬೇಕು. ಯಂತ್ರಕ್ಕೆ ನಮ್ಮ ಕಡೆಯ ಮಾತು ಕಲಿಸಿದವಳು ನಾನೇ. ಹೌದು, ಹೌದ್ರಿ, ಹ್ಞಾಂ, ಹೂಂ, ಇವೆಲ್ಲ ಒಪ್ಪಿಗೆ. ಅಲ್ಲ, ಊಹೂಂ, ಇವು ನಿರಾಕರಣೆ ಎಂದು ಎರಡು ವರ್ಷದ ಹಿಂದೆ ಪಟ್ಟಿ ಮಾಡಿಕೊಟ್ಟಿದ್ದೆ.

ಯಂತ್ರದ ದನಿ ಹೆಂಗಸಿನದು, ಮೆತ್ತನೆಯದು. “ಇಲ್ಲಿ ರೆಪ್ಪೆ ಹೀಗೆ ಬಾಗಿದೆ. ಇದೇನಾ?” ಎಂದಿತು.

ಅಪ್ಪ ಕುರ್ಚಿಗೆ ಒರಗಿ, ಅರೆಗಣ್ಣಿನಿಂದ ನೋಡುತ್ತ, “ಹೂಂ,” ಎಂದ.

“ಕಣ್ಣಿನ ಕೊನೆ ಇಷ್ಟು ಉದ್ದ. ಇದೇನಾ?”

“ಹೂಂ.”

ಹೀಗೆ ಐದು ದಿನ ನಡೆಯಿತು. ನಾನು ಪಕ್ಕದ ಕೋಣೆಯಲ್ಲಿ ಬೇರೆಯವರ ಟೊಪ್ಪಿಗೆ ಕಟ್ಟುತ್ತ, ಬಿಚ್ಚುತ್ತ ಇದ್ದೆ. ಗಾಜಿನಾಚೆ ಅಪ್ಪ ನೆಮ್ಮದಿಯಾಗಿ ಕೂತದ್ದು ಕಾಣುತ್ತಿತ್ತು. ಇಷ್ಟು ಸಲೀಸಾದ ಓದುವಿಕೆ ತಾವು ಕಂಡೇ ಇಲ್ಲ ಎಂದು ಡಾಕ್ಟರ್ ಹೇಳಿದರು.

ಆರನೆಯ ದಿನ ಯಂತ್ರದ ತೋಳು ಹಲಗೆಯ ಮೇಲೆ ಆ ಕಣ್ಣುಗಳನ್ನು ಬರೆಯಿತು. ಒಂದು ಗೆರೆಯೂ ಕದಲಲಿಲ್ಲ. ಎರಡೂ ಕಣ್ಣು ಒಂದೇ ಅಳತೆ, ಒಂದೇ ಎತ್ತರ, ತುಂಬಿ ತುಳುಕುವ ಕರುಣೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಹಲಗೆಯ ಮುಂದೆ ಬಹಳ ಹೊತ್ತು ನಿಂತ.

“ಚೊಲೋ ಐತಿ,” ಎಂದ. “ಯಾರು ಬರದಾರ?”

ಎಲ್ಲರೂ ನಕ್ಕರು. ನಾನೂ ನಕ್ಕೆ.

*

ಊರಿಗೆ ಬಂದ ಮರುದಿನ ಬೆಳಿಗ್ಗೆ ಅಪ್ಪ ಕನ್ನಡಿಯನ್ನು ಗೂಟಕ್ಕೆ ನೇತುಹಾಕಿ, ಅದಕ್ಕೆ ಮುಖ ಮಾಡಿ ನಿಂತಿದ್ದ. ನಡುಗುವ ಮುಂಗೈಗೆ ಕುಂಚವನ್ನು ದಾರದಿಂದ ಬಿಗಿದುಕೊಂಡಿದ್ದ. ಬೆನ್ನ ಹಿಂದೆ ಮನೆಯಲ್ಲಿದ್ದ ಯಾವುದೋ ಬರಿಯ ಕಟ್ಟಿಗೆಯ ಮುಖ. ಬರೆಯಲು ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಬರೆಯುವುದಕ್ಕಲ್ಲ, ಒಮ್ಮೆ ನೋಡಿಕೊಳ್ಳುವುದಕ್ಕೆ ನಿಂತದ್ದು. ಕಣ್ಣು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ. ಹಾಗೇ ಹೊಸ್ತಿಲ ಮೇಲೆ ಕೂತ.

“ಪಂಪಿ,” ಎಂದ. “ಹಲಗಿ ಮ್ಯಾಲಿನಾಕಿ ಬರಾಕತ್ತಾಳ. ಎಷ್ಟು ಸಲ ಕರದ್ರೂ ಆಕಿನ ಬರಾಕತ್ತಾಳ. ನನ್ನಾಕಿ ಎಲ್ಲಿ?”

ಎರಡು ದಿನ ಬಿಟ್ಟರೆ ಸರಿಹೋಗುತ್ತದೆ, ಹೊಸದಾಗಿ ನೋಡಿದ್ದು ಮೇಲೆ ಕೂತಿರುತ್ತದೆ, ಎಂದು ಏನೇನೋ ಹೇಳಿದೆ. ಹೇಳುತ್ತಿದ್ದುದನ್ನು ನಾನೇ ನಂಬಲಿಲ್ಲ. ಕಾರಣ, ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದವಳೂ ನಾನೇ. ಅದರ ಒಂಬತ್ತನೆಯ ಸಾಲಿನಲ್ಲಿ ‘ಮೂಲ ಬಿಂಬದಲ್ಲಿ ಅಲ್ಪ ವ್ಯತ್ಯಾಸ ಉಂಟಾಗಬಹುದು’ ಎಂದಿತ್ತು. ಪಡಸಾಲೆ ಒಂದೇ. ನೆನೆದವಳು ಅಲ್ಲಿ ಕೂತಿರುವಾಗಲೇ ಕಣ್ಣಿನ ಬಾಗಿಲಿನಿಂದ ಇನ್ನೊಬ್ಬಳನ್ನು ಮತ್ತೆ ಮತ್ತೆ ಒಳಗೆ ಬಿಟ್ಟರೆ, ಹೌದು ನೀನೇ ಎಂದು ಮತ್ತೆ ಮತ್ತೆ ಹೇಳಿದರೆ, ಮೊದಲಿನವಳು ಎದ್ದು ಹೋಗುತ್ತಾಳೆ. ಅದು ಆಗಬಾರದೆಂದೇ ‘ಅಲ್ಲ’ ಎನ್ನುವ ಉತ್ತರ ಇಟ್ಟದ್ದು. ತಪ್ಪು ಚಿತ್ರಕ್ಕೆ ಅಲ್ಲ ಎಂದರೆ ಒಳಗಿನದು ಗಟ್ಟಿಯಾಗಿ ಉಳಿಯುತ್ತದೆ.

ಬಣ್ಣದ ಕಲ್ಲಿನ ಮುಂದೆ ಕೂತಿದ್ದ ಅಜ್ಜಿ, ಆ ಯಂತ್ರ ಏನು ಕೇಳುತ್ತಿತ್ತು, ನೀನು ಏನು ಹೇಳಿದಿ ಎಂದು ಅಪ್ಪನನ್ನು ಕೇಳಿದಳು. ಅಪ್ಪ ಹೇಳಿದ: ಒಬ್ಬಳು ಹೆಂಗಸು ರೆಪ್ಪೆ ಹೀಗಿತ್ತು, ಹುಬ್ಬು ಹಾಗಿತ್ತು ಎಂದು ಹೇಳುತ್ತಾ ಹೋದಳು, ಬಹಳ ಚೆನ್ನಾಗಿ ಹೇಳುತ್ತಿದ್ದಳು, ನಾನು ಕೇಳುತ್ತಾ ಕೂತೆ.

“ಕೇಳಕೋತ ಏನಂದಿ?”

“ಏನಂತೀನಿ? ಹೂಂ ಅಂದೆ.”

ಅಜ್ಜಿಯ ಕೈಯಲ್ಲಿ ಗುಂಡುಕಲ್ಲು ನಿಂತಿತು. ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿದಳು.

“ಕಥಿ ಕೇಳೋ ಹೂಂ ಯಾವ್ದು, ಒಪ್ಪೋ ಹೂಂ ಯಾವ್ದು ಅಂತ ನಿಮ್ಮ ಮಿಷನ್ನಿಗೆ ಹೇಳಿದ್ದಿಲ್ಲೇನ?” ಎಂದಳು. “ನೀ ನನ್ನ ತೊಡಿ ಮ್ಯಾಲ ಬೆಳದಾಕಿ.”

*

ಕೇಂದ್ರಕ್ಕೆ ಮರಳಿ ಧ್ವನಿಯ ಕಡತ ತೆಗೆದು ಕೇಳಿದೆ. ಐದು ದಿನದಲ್ಲಿ ಅಪ್ಪ ಹೂಂ ಅಂದದ್ದು ಮುನ್ನೂರ ಹನ್ನೆರಡು ಸಲ. ಒಂದು ಸಲವೂ ಹೌದು ಅಂದಿರಲಿಲ್ಲ, ಒಂದು ಸಲವೂ ಅಲ್ಲ ಅಂದಿರಲಿಲ್ಲ. ಅಜ್ಜಿಯ ಮುಂದೆ ಕೂತಾಗಿನ ಅದೇ ಹೂಂ, ಕೊನೆಯಲ್ಲಿ ತುಸು ಮೇಲಕ್ಕೆ ಏಳುವುದು, ದಾರಿ ಬಿಟ್ಟುಕೊಡುವುದು. ಎರಡನೆಯ ದಿನದ ಮಧ್ಯಾಹ್ನ ಒಂದು ಕಡೆ ಯಂತ್ರ ತುಸು ತಡೆದಾಗ ಅಪ್ಪ, “ಹೂಂ, ಮುಂದ?” ಎಂದಿದ್ದ. ‘ಮುಂದ’ ಎನ್ನುವುದು ನನ್ನ ಪಟ್ಟಿಯಲ್ಲಿರಲಿಲ್ಲ. ಯಂತ್ರ ಅದನ್ನು ಕೆಮ್ಮು ಎಂದು ಗುರುತು ಹಾಕಿಕೊಂಡಿತ್ತು.

ಪ್ರತಿ ಹೂಂಗೂ ಒಂದು ಸಾಲಿನ ಟಿಪ್ಪಣಿ, ಚಿತ್ರದಲ್ಲಿ ಏನು ಬದಲಾಯಿತು ಎಂದು. ಮೊದಲ ಹೂಂನಲ್ಲಿ ಮೇಲಿದ್ದ ಕಣ್ಣು ಕೂದಲೆಳೆಯಷ್ಟು ಇಳಿದಿದೆ. ಇಪ್ಪತ್ತನೆಯದರಲ್ಲಿ ಬೈಯುವ ಕಣ್ಣಿನ ಕೆಂಪು ಹೋಗಿದೆ. ನೂರು ದಾಟುವ ಹೊತ್ತಿಗೆ ಎರಡೂ ಸಮ. ಇನ್ನೂರರ ಆಚೆ ಅದು ಅಂಗಡಿಯ ಕ್ಯಾಲೆಂಡರಿನಲ್ಲಿ ನಗುವ ದೇವಿಯರ ಕಣ್ಣು. ಯಂತ್ರದ ಹತ್ತಿರ ಇದ್ದದ್ದು ಅದೇ ತಾನೆ, ಲಕ್ಷಗಟ್ಟಲೆ.

ಮೊದಲ ಓದುವಿಕೆಗೆ ಹಿಂದೆ ಹೋಗಿ, ಕನ್ನಡಿಯೊಳಗಿನ ಆ ಮಬ್ಬು ಕಣ್ಣುಗಳನ್ನಾದರೂ ಅಪ್ಪನಿಗೆ ತೋರಿಸೋಣ ಎಂದು ಹುಡುಕಿದೆ. ಖಾಲಿ. ಡಾಕ್ಟರ್ ಗಲಗಲಿಯವರ ಮುಂದೆ ಹೋಗಿ ನಿಂತೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಯಮ ನಿನಗೇ ಗೊತ್ತಲ್ಲ ಎಂದರು. ಒಪ್ಪಿಗೆಯಾದ ಚಿತ್ರ ಸಿಕ್ಕ ಕೂಡಲೇ ಮೂಲ ಓದುವಿಕೆಯನ್ನು ಅಳಿಸಬೇಕು. ಒಬ್ಬರ ಮನಸ್ಸಿನೊಳಗಿನದು ಇನ್ನೊಬ್ಬರ ಕೈಗೆ ಸಿಗಬಾರದು. ಅಪ್ಪನಂಥವರನ್ನು ಕಾಯುವುದಕ್ಕೆಂದೇ ಮಾಡಿದ ನಿಯಮ.

“ನಿಮ್ಮ ತಂದೆಯವರು ಒಂದ ಸಲ ಅಲ್ಲ ಅಂದಿದ್ರೂ ಸಾಕಿತ್ತು ಪಂಪಾವತಿ,” ಎಂದರು.

ನಮ್ಮ ಮನೆಯಲ್ಲಿ ಕಥೆ ಹೇಳುವವರಿಗೆ ನಡುವೆ ಅಲ್ಲ ಎನ್ನುವುದಿಲ್ಲ ಎಂದು ಅವರಿಗೆ ಹೇಗೆ ಹೇಳುವುದು? ಹೇಳಬೇಕಾದ ಕಡೆ ಹೇಳದೇ ಇದ್ದವಳು ನಾನು.

*

ಮುಹೂರ್ತದ ದಿನ ಕೇಂದ್ರದ ವಾಹನ ಹಳ್ಳ ದಾಟಿ ಬಂತು. ಬೇಡ ಎಂದುಬಿಡು, ಓಣಿಯ ಬೇರೆ ಯಾರಾದರೂ ಹೊಸ ಕಣ್ಣು ತೆಗೆಯಲಿ ಎಂದು ನಾನು ಅಪ್ಪನನ್ನು ಬೇಡಿಕೊಂಡಿದ್ದೆ. ಅಪ್ಪ ಒಪ್ಪಲಿಲ್ಲ. ಊರವರಿಗೆ ಮಾತು ಕೊಟ್ಟಾಗಿತ್ತು. ಮತ್ತೆ, ಈಗ ಒಳಗೆ ಇರುವವಳು ಅವಳೇ ಆದ ಮೇಲೆ ಹೊರಗೂ ಅವಳೇ ಇರಲಿ ಎಂದ.

ಯಂತ್ರದ ತೋಳಿಗೆ ಬೆನ್ನಿಲ್ಲ. ಅದು ದ್ಯಾಮವ್ವನ ಎದುರೇ ನಿಂತು, ಹನ್ನೊಂದು ನಿಮಿಷದಲ್ಲಿ ಕಣ್ಣು ತೆಗೆಯಿತು. ಕನ್ನಡಿಯನ್ನು ಅಪ್ಪ ಚೀಲದಲ್ಲಿ ತಂದಿದ್ದ, ಚೀಲದಲ್ಲೇ ಉಳಿಯಿತು. ಜನ ಕೈ ಮುಗಿದರು. ಥೇಟ್ ಫೋಟೋ ಇದ್ದಂಗ ಐತಿ ಎಂದು ಪಂಚರು ಅಪ್ಪನ ಬೆನ್ನು ತಟ್ಟಿದರು. ಒಂದು ತಿಂಗಳೊಳಗೆ ಸುತ್ತಲಿನ ಒಂಬತ್ತು ಊರಿನವರು ತಮ್ಮ ದೇವಿಯರಿಗೂ ಅವೇ ಕಣ್ಣು ಬೇಕೆಂದು ಕೇಂದ್ರಕ್ಕೆ ಬರೆದರು.

ಒಬ್ಬ ಮುದುಕಿ ಮಾತ್ರ, ಬುಟ್ಟಿಯಲ್ಲಿ ಬಳೆ ಮಾರುವವಳು, ಗುಡಿಯ ಮೆಟ್ಟಿಲಿಳಿದು ಬಂದು ನನ್ನ ಪಕ್ಕ ನಿಂತಳು.

“ಮೊದಲ ನನ್ನ ನೋಡ್ತಿದ್ಲು,” ಎಂದಳು. “ಈಗ ಎಲ್ಲಾರನೂ ನೋಡ್ತಾಳ.”

ಅಜ್ಜಿಗೆ ಅದನ್ನು ಹೇಳಿದೆ. ಯಾಕೆ ಹೇಳಿದೆನೋ. ಅವಳು, “ಕಣ್ಣು ತೆಗಿಯಾಕ ಹೋಗಿದ್ದಿ. ತೆಗದಿ,” ಎಂದಳು. ಅದೇ ಮಾತು. ನಮ್ಮ ಭಾಷೆಯಲ್ಲಿ ತೆರೆದರೂ ತೆಗೆಯುವುದೇ, ಕಿತ್ತರೂ ತೆಗೆಯುವುದೇ.

ಅಪ್ಪ ಈಗ ಹೂಂ ಎನ್ನುವುದನ್ನು ಬಿಟ್ಟಿದ್ದಾನೆ. ಬೇಕೆಂದರೆ ಹೌದು ಎನ್ನುತ್ತಾನೆ, ಬೇಡವೆಂದರೆ ಅಲ್ಲ ಎನ್ನುತ್ತಾನೆ, ಸರಕಾರಿ ಅರ್ಜಿ ತುಂಬಿದ ಹಾಗೆ, ಬಿಡಿಸಿ ಬಿಡಿಸಿ. ಊಟಕ್ಕೆ ಇನ್ನೊಂದು ರೊಟ್ಟಿ ಹಾಕಲೇ ಎಂದರೂ ಹಾಗೇ.

ಹೋದ ಭಾನುವಾರ ಮಧ್ಯಾಹ್ನ ಅಜ್ಜಿ ಬಣ್ಣದ ಕಲ್ಲನ್ನು ಮುಂದಕ್ಕೆ ಎಳೆದುಕೊಂಡಳು. ಅರೆಯಲು ಬಣ್ಣವೇನೂ ಇರಲಿಲ್ಲ. ಸುಮ್ಮನೆ ನೀರು ಹಾಕಿ ಅರೆಯತೊಡಗಿದಳು. ಅಪ್ಪ ಗೋಡೆಗೆ ಒರಗಿ, ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದುಕೊಂಡು ಕೂತಿದ್ದ.

“ಏಳು ಗುಡ್ಡದ ಆಚಿಗೆ ಒಬ್ಬಾಕಿ ರಾಜನ ಮಗಳು ಇದ್ಲಂತ,” ಎಂದಳು ಅಜ್ಜಿ.

ಕಾದಳು. ಅಪ್ಪ ತುಟಿ ಬಿಗಿಹಿಡಿದ.

“ಆಕಿ ಮುಖ ಯಾರೂ ನೋಡಿದ್ದಿಲ್ಲಂತ.”

ಮತ್ತೆ ಕಾದಳು. ಕಲ್ಲು ನಿಂತಿತು. ನನಗೆ ತಡೆಯಲಾಗಲಿಲ್ಲ.

“ಹೂಂ,” ಎಂದೆ.

ಅಜ್ಜಿ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. ಕಲ್ಲಿನ ಮೇಲಿನ ನೀರನ್ನು ಅಂಗೈಯಿಂದ ಒರೆಸಿ ಚೆಲ್ಲಿದಳು.

“ನಿನ್ನ ಹೂಂ ಬ್ಯಾಡ ಬಿಡವಾ,” ಎಂದಳು. “ಅದನ್ನ ಎಲ್ಲಿ ಬರಕೋತಿಯೋ ಏನೋ.”